ಗೂಡ್ಸ್ ಗಾಡಿಯಲ್ಲಿ ಅಮ್ಮನ ಮಂಚ

ಗೂಡ್ಸ್ ಶೆಡ್ಡಿನ ಎದುರಿನ ನನ್ನ ಮೇಜಿನಿಂದ,
ಗುರುವಾರ, ಹದಿನೇಳನೇ ತಾರೀಖು

ಪ್ರೀತಿಯ ಗುಬ್ಬಿಗೆ,

ಅಕ್ಕನ ಆಶೀರ್ವಾದ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಕೆಲಸ ಹೆಚ್ಚಿತ್ತು ಎನ್ನುವುದು ಅರ್ಧ ನಿಜ. ಈರುಳ್ಳಿ ಬಂದಿರುವ ಕಾಲ. ವ್ಯಾಪಾರಿಗಳೆಲ್ಲ ಒಟ್ಟಿಗೆ ವ್ಯಾಗನ್ ಕೇಳುತ್ತಾರೆ, ಸಿಗದವರು ನನ್ನ ಮೇಲೆ ಕೂಗಾಡುತ್ತಾರೆ, ನಾನೇ ಎಲ್ಲೋ ಬಗಲಲ್ಲಿ ವ್ಯಾಗನ್ ಬಚ್ಚಿಟ್ಟುಕೊಂಡವಳ ಹಾಗೆ. ಇನ್ನರ್ಧ ನಿಜ ಏನೆಂದರೆ, ನಿನ್ನ ಕಾಗದ ಓದಿ ಹೊಟ್ಟೆಯೊಳಗೆ ಕೆಂಡ ಬಿದ್ದ ಹಾಗಾಯಿತು. ಅದು ಆರಿದ ಮೇಲೆ ಬರೆಯೋಣ ಅಂದುಕೊಂಡೆ. ಆರಲಿಲ್ಲ, ಹಾಗೇ ಬರೆಯುತ್ತಿದ್ದೇನೆ.

ಅಮ್ಮ ಇಲ್ಲಿಂದ ಹೊರಟಾಗ ಕೈಯಲ್ಲಿದ್ದದ್ದು ಒಂದು ಚೀಲ. 'ನಾಲ್ಕು ದಿನ ಇದ್ದು ಬರ್ತೀನಿ' ಅಂದಿದ್ದಳು. ಈಗ ನೀನು ಬರೆಯುತ್ತೀಯ, ಅಮ್ಮನಿಗೆ ಇಲ್ಲಿ ಒಗ್ಗಿದೆ, ಮಂಚ, ಬೀರು, ಹೊಲಿಗೆ ಯಂತ್ರ, ನಿಲುವುಗನ್ನಡಿ ಎಲ್ಲ ಕಳಿಸಿಕೊಡು ಅಂತ. ಒಗ್ಗಿದೆಯಂತೆ. ಹಾಗಾದರೆ ಇಲ್ಲಿ ಇಷ್ಟು ವರ್ಷ ಒಗ್ಗದೆಯೇ ಇದ್ದಳೇ? ನಿನ್ನ ಯಜಮಾನರು ಔಷಧಿ ಅಂಗಡಿ ಮುಚ್ಚಿ ಬಂದು ಅಮ್ಮನಿಗೆ ಪತ್ರಿಕೆ ಓದಿ ಹೇಳುತ್ತಾರಂತೆ, ಅಮ್ಮ ಕಣ್ಣರಳಿಸಿ ಕೇಳುತ್ತಾಳಂತೆ. ನಾನೂ ಓದಿ ಹೇಳಿದ್ದೇನೆ, ರೈಲ್ವೆಯ ಸರಕು ದರಗಳ ಪುಸ್ತಕದಿಂದ. 'ಮುಚ್ಚೇ ಅದನ್ನ, ಆಕಳಿಕೆ ಬರುತ್ತೆ' ಅನ್ನುತ್ತಿದ್ದಳು. ಆ ಆಕಳಿಕೆಯ ಪುಸ್ತಕವೇ ನಮ್ಮಿಬ್ಬರಿಗೂ ಅನ್ನ ಹಾಕಿದ್ದು, ಅದು ಬೇರೆ ಮಾತು. ನಿಮ್ಮನೆ ಅಡಿಗೆಮನೆಯಲ್ಲಿ ಹಾಡು ಬೇರೆ ಹೇಳುತ್ತಾಳಂತೆ. ಅಮ್ಮನಿಗೆ ಹಾಡಲು ಬರುತ್ತದೆ ಎನ್ನುವ ಸುದ್ದಿ ನನಗೆ ನಿನ್ನ ಕಾಗದದಿಂದ ತಿಳಿಯಬೇಕಾಯಿತು.

ಇರಲಿ. ಸಾಮಾನು ಕಟ್ಟಿಸಿದೆ. ಕಟ್ಟಿಸಿದೆ ಏನು ಬಂತು, ನಾನೇ ಕಟ್ಟಿದೆ. ಈ ಶೆಡ್ಡಿಗೆ ನಾನು ಬಂದದ್ದೇ ಗೋಣಿ ಹೊಲಿಯುವವಳಾಗಿ. ಈಗ ವ್ಯಾಪಾರಿಗಳ ಪರವಾಗಿ ರೈಲಿಗೆ ಸರಕು ಹಾಕಿಸುವವಳು, ಯಾವ ಸರಕನ್ನು ಯಾವ ದರಕ್ಕೆ ಹಾಕಬೇಕೆಂದು ದೊಡ್ಡ ದೊಡ್ಡ ಮಂಡಿಯವರು ನನ್ನನ್ನು ಕೇಳಿಕೊಂಡು ಹೋಗುತ್ತಾರೆ, ಆದರೂ ಕೈ ಸೂಜಿ ಮರೆತಿಲ್ಲ. ಯಂತ್ರಕ್ಕೆ ಹುಲ್ಲು ತುಂಬಿದ ಪೆಟ್ಟಿಗೆ ಮಾಡಿಸಿದೆ. ಕನ್ನಡಿಗೆ ನನ್ನ ಹೊದಿಕೆಯನ್ನೇ ಸುತ್ತಿದೆ.

ರೈಲಿನವರು ಎಲ್ಲ ಸರಕಿಗೂ ಒಂದೇ ರೀತಿ ಬಾಡಿಗೆ ಹಾಕುವುದಿಲ್ಲ, ಗುಬ್ಬಿ. ಕಬ್ಬಿಣಕ್ಕೆ ತೂಕ ನೋಡುತ್ತಾರೆ. ಹತ್ತಿಯಂಥ ಹಗುರದ ಸರಕಿಗೆ ತೂಕ ನೋಡಿದರೆ ಅವರಿಗೆ ಗಿಟ್ಟುವುದಿಲ್ಲ. ಅದು ಎಷ್ಟು ಜಾಗ ಹಿಡಿಯುತ್ತದೆ ಎಂದು ಅಳೆಯುತ್ತಾರೆ. ಈ ನಿಯಮ ಮೊದಲ ಸಲ ಓದಿದಾಗ ನನಗೆ ನಮ್ಮ ಮನೆ ನೆನಪಾಗಿತ್ತು. ಅಪ್ಪ ಹೋದ ಮೇಲೆ ತೂಕ ಹೊತ್ತವಳು ನಾನು. ಜಾಗ ಹಿಡಿದವಳು ನೀನು. ಇದೇ ಮಂಚದ ಮೇಲೆ, ಗೋಡೆಯ ಕಡೆ, ಅಮ್ಮನ ತೋಳಿನ ಮೇಲೆ ತಲೆಯಿಟ್ಟು ನೀನು ಮಲಗುತ್ತಿದ್ದೆ. ನಾನು ಬಾಗಿಲ ಹತ್ತಿರ ನೆಲದ ಮೇಲೆ, ಬೆಳಿಗ್ಗೆ ಬೇಗ ಎದ್ದು ಹೋಗುವವಳಲ್ಲವೇ. ಯಾರೂ ಹಾಗೆ ಮಾಡು ಅನ್ನಲಿಲ್ಲ. ಆದರೂ ಮಂಚ ಬಿಚ್ಚುವಾಗ ನೆನಪಾಗಬೇಡ ಅಂದರೆ ನೆನಪು ಕೇಳುತ್ತದೆಯೇ.

ಸಾಮಾನನ್ನು ತೂಕಕ್ಕೆ ಏರಿಸಿದಾಗ ಗೂಡ್ಸ್ ಗುಮಾಸ್ತರು ನನಗೊಂದು ಉಪಕಾರ ಮಾಡಲು ಬಂದರು. ಮನೆ ಬದಲಾಯಿಸುವವರ ಹಳೆಯ ಸಾಮಾನಿಗೆ ಕಡಿಮೆ ದರ ಇದೆ. ಆದರೆ ಸಾಮಾನಿನ ಯಜಮಾನರು ಈ ಊರು ಬಿಟ್ಟು ಆ ಊರಿನಲ್ಲೇ ನೆಲೆಸಲು ಹೋಗಿದ್ದಾರೆ ಎಂದು ಬರೆದು ರುಜು ಹಾಕಬೇಕು.

"ನಿಮಗೆ ನಾನು ಹೇಳಿಕೊಡ್ಬೇಕಾ ಅಕ್ಕಾ? ಅಮ್ಮ ಅಲ್ಲೇ ಇರೋಕೆ ಹೋಗಿದಾರೆ ಅಂತ ಬರೆದು ರುಜು ಹಾಕಿ. ಅರ್ಧಕ್ಕರ್ಧ ಉಳಿಯುತ್ತೆ," ಅಂದರು.

"ಅಲ್ಲೇ ಇರೋಕೆ ಹೋಗಿಲ್ಲ. ಮಗಳನ್ನ ನೋಡ್ಕೊಂಡು ಬರೋಕೆ ಹೋಗಿದಾರೆ."

"ಮಂಚ, ಬೀರು ತರಿಸ್ಕೊಂಡು ಯಾರಕ್ಕಾ ನೋಡ್ಕೊಂಡು ಬರ್ತಾರೆ?"

ಹಿಂದೆ ನಿಂತಿದ್ದ ಹಮಾಲಿ ಮೇಸ್ತ್ರಿಗೆ ನಗು ತಡೆಯಲಿಲ್ಲ. "ಸ್ವಾಮಿ, ಅಕ್ಕ ರೈಲಿನವರಿಗೆ ಒಂದು ಕಾಸು ಜಾಸ್ತಿ ಕೊಟ್ಟಿದ್ದು ನಾನು ಕಂಡಿಲ್ಲ. ಮೈ ಬಿಸಿ ಇದೆಯಾ ಕೇಳಿ," ಅಂದ.

ಗುಮಾಸ್ತರು ಲೇಖನಿ ಕೊಟ್ಟರು. ಹಿಡಿದೆ. ಬರೆಯಬೇಕಾದ್ದು ಇಷ್ಟೇ, ನಮ್ಮಮ್ಮ ಇನ್ನು ಈ ಊರಿನಲ್ಲಿ ವಾಸವಿರುವುದಿಲ್ಲ. ಊರಿನ ಎಷ್ಟೋ ಜನರ ಅಮ್ಮಂದಿರ ಬಗ್ಗೆ ಆ ಸಾಲನ್ನು ಕಣ್ಣುಮುಚ್ಚಿ ಬರೆದುಕೊಟ್ಟಿದ್ದೇನೆ. ನಮ್ಮಮ್ಮನ ಬಗ್ಗೆ ಬರೆಯಲು ಕೈ ಏಳಲಿಲ್ಲ. ಲೇಖನಿ ವಾಪಸು ಕೊಟ್ಟು ಪೂರಾ ದರ ಕಟ್ಟಿದೆ. ದಾರಿಯಲ್ಲಿ ಏನೇ ಒಡೆದರೂ ಕಳಿಸಿದವರೇ ಅನುಭವಿಸಬೇಕು ಎನ್ನುವ ಅಗ್ಗದ ದರವೂ ಒಂದಿದೆ, ಅದನ್ನೂ ಬೇಡವೆಂದೆ. ಅಮ್ಮನನ್ನು ನಿನ್ನ ಜೊತೆ ಕಳಿಸುವಾಗ ಆ ಅಗ್ಗದ ದರಕ್ಕೇ ಕಳಿಸಿದ್ದೆ ನೋಡು. ಹೋದರೆ ನನ್ನದೇ ನಷ್ಟ. ಜಿಪುಣಿ ಎನ್ನುವ ಹೆಸರನ್ನು ಇಷ್ಟು ವರ್ಷ ಕಷ್ಟಪಟ್ಟು ಸಂಪಾದಿಸಿದ್ದೆ, ಒಂದೇ ಬೆಳಗಿಗೆ ಕಳೆದುಕೊಂಡೆ.

ಈಗ ಮನೆಯಲ್ಲಿ ಮಂಚದ ಕಾಲುಗಳ ನಾಲ್ಕು ಗುರುತು ನೆಲದ ಮೇಲೆ ಉಳಿದಿವೆ. ಜಾಗ ಖಾಲಿಯಾಯಿತಲ್ಲ ಎಂದು ನನ್ನ ಹಾಸಿಗೆಯನ್ನು ಅಲ್ಲಿಗೆ ಎಳೆದುಕೊಂಡೆ. ನಿದ್ದೆ ಬರಲಿಲ್ಲ. ಎದ್ದು ಮತ್ತೆ ಬಾಗಿಲ ಹತ್ತಿರವೇ ಹಾಸಿಕೊಂಡೆ.

ನೀನು ಕೆಟ್ಟವಳೆಂದು ಇದನ್ನೆಲ್ಲ ಬರೆಯುತ್ತಿಲ್ಲ. ನೀನು ಕೆಟ್ಟವಳಾಗಿದ್ದರೆ ನನ್ನ ಹೊಟ್ಟೆಕಿಚ್ಚಿಗೊಂದು ಮರ್ಯಾದೆಯಾದರೂ ಇರುತ್ತಿತ್ತು. ಚೆನ್ನಾಗಿ ನೋಡಿಕೊಳ್ಳುತ್ತಿದ್ದೀಯ, ಅದೇ ಸಂಕಟ. ನಿನಗೂ ಯಜಮಾನರಿಗೂ ಒಳ್ಳೆಯದಾಗಲಿ, ಅಂಗಡಿ ನಾಲ್ಕು ಕಾಲ ನಡೆಯಲಿ. ಅಮ್ಮನಿಗೆ ಸಂಜೆ ಕಾಲು ಜೋಮು ಹಿಡಿಯುತ್ತದೆ, ಅವಳಾಗಿ ಹೇಳುವುದಿಲ್ಲ, ನೀನೇ ಒತ್ತು.

ಇಂತಿ,
ನಿನ್ನ ಅಕ್ಕ

ಮರೆತಿದ್ದೆ ಅಂತ ಬರೆಯಬೇಕು, ಆದರೆ ಮರೆತಿರಲಿಲ್ಲ: ಸರಕು ಯಾರಿಗೆ ಸೇರಬೇಕು ಎನ್ನುವಲ್ಲಿ ನಿನ್ನ ಹೆಸರನ್ನೂ ಹಾಕಿಸಲಿಲ್ಲ, ಅಮ್ಮನ ಹೆಸರನ್ನೂ ಹಾಕಿಸಲಿಲ್ಲ. ಕಳಿಸಿದವಳೂ ನಾನೇ, ಬಿಡಿಸಿಕೊಳ್ಳುವವಳೂ ನಾನೇ. ಕೊಳ್ಳುವವನ ಮೇಲೆ ನಂಬಿಕೆ ಇಲ್ಲದ ವ್ಯಾಪಾರಿಗಳು ಹೀಗೆ ಮಾಡುತ್ತಾರೆ, ಹಣ ಬಂದ ಮೇಲೆಯೇ ರಸೀದಿ ಬಿಟ್ಟುಕೊಡುತ್ತಾರೆ. ರಸೀದಿ ಇಲ್ಲದೆ ನಿಮ್ಮೂರ ಶೆಡ್ಡಿನವರು ಮಂಚದ ಒಂದು ತಿರುಪನ್ನೂ ಬಿಡುವುದಿಲ್ಲ, ನಿನ್ನ ಯಜಮಾನರು ಎಷ್ಟೇ ಸವಿಯಾಗಿ ಮಾತಾಡಲಿ. ರಸೀದಿಯನ್ನು ಈ ಲಕೋಟೆಯಲ್ಲಿ ಹುಡುಕಬೇಡ, ನನ್ನ ಹತ್ತಿರ ಇದೆ. ನಾನು ಅದರ ಬೆನ್ನಿಗೆ ರುಜು ಹಾಕಿ ಅಂಚೆಗೆ ಹಾಕಿದರೆ ನೀವೇ ಬಿಡಿಸಿಕೊಳ್ಳಬಹುದು. ಇಲ್ಲವೇ ನಾನೇ ತರಬಹುದು.

ಅಮ್ಮ ನಿನ್ನ ಕೈಯಲ್ಲಿ ಬರೆಸಿದ್ದಾಳಲ್ಲ, ಕನ್ನಡಿ ಜೋಪಾನ, ಯಂತ್ರಕ್ಕೆ ಎಣ್ಣೆ ಬಿಡು, ಬೀರುವಿನ ಬಾಗಿಲು ಮೆಲ್ಲಗೆ ಎಳೆ ಅಂತ. ಎಲ್ಲವನ್ನೂ ವಿಚಾರಿಸಿಕೊಂಡಿದ್ದಾಳೆ. ನನ್ನೊಬ್ಬಳನ್ನು ಬಿಟ್ಟು. ರಸೀದಿ ಅಕ್ಕನ ಹತ್ತಿರ ಇದೆ ಎಂದಷ್ಟೇ ಅವಳಿಗೆ ಹೇಳು. 'ಅಂಚೆಗೆ ಹಾಕ್ಲಿ' ಅಂದರೆ ಹಾಗೇ ಬರೆ. 'ಅವಳೇ ಬರ್ಲಿ' ಅಂದರೂ ಹಾಗೇ ಬರೆ. ನೀನಾಗಿ ಹೇಳಿಕೊಡಬೇಡ, ನಿನ್ನ ಕರುಳು ನನಗೆ ಗೊತ್ತು. ನಿಮ್ಮೂರಿನ ಪ್ಯಾಸೆಂಜರ್ ಗಾಡಿ ಬೆಳಿಗ್ಗೆ ಹೊರಡುತ್ತದಂತೆ, ಸುಮ್ಮನೆ ವಿಚಾರಿಸಿಟ್ಟಿದ್ದೇನೆ. ಇಷ್ಟು ವರ್ಷ ಈ ಸ್ಟೇಷನ್ನಿನಲ್ಲೇ ಇದ್ದೂ ಅದು ನನಗೆ ಗೊತ್ತಿರಲಿಲ್ಲ.