ಬಟ್ಟೆ ಕತ್ತರಿ

ಅಪ್ಪಾ,

ಪಾರ್ಶ್ವವಾಯು ಹೊಡೆದಾಗಿನಿಂದ ನನ್ನ ಬಾಯಿಗೆ ಬೀಗ ಬಿದ್ದಿತ್ತು. ಮಾತು ಕಲಿಸಲು ಬರುವ ಹುಡುಗಿ ಇವತ್ತು ಚಿತ್ರ ಕತ್ತರಿಸಲೆಂದು ಹೊಲಿಗೆ ಮೇಜಿನಿಂದ ನಿನ್ನ ಕತ್ತರಿಯನ್ನೇ ಎತ್ತಿಕೊಂಡಳು.

“ಏ ಕತ್ತೆ! ಬಟ್ಟೆ ಕತ್ತರೀಲಿ ಕಾಗದ ಮುಟ್ಟಿದ್ರೆ ಕೈ ಮುರೀತೀನಿ!”

ನಿನ್ನ ಬೈಗುಳವೇ, ಒಂದಕ್ಷರ ತೊದಲದೆ, ನನ್ನ ಬಾಯಿಂದ ಬಂತು! ಹುಡುಗಿ ಬೆಚ್ಚಿಬಿದ್ದು, ಆಮೇಲೆ ಚಪ್ಪಾಳೆ ತಟ್ಟಿದಳು. “ಹಳೇ ದಾರಿ ಮುಚ್ಚಿದ್ರೆ ಮೆದುಳು ಬೇರೆ ದಾರಿ ಹುಡುಕುತ್ತೆ ಅಂಕಲ್. ಇನ್ನೂ ಬೈಯಿರಿ!” ಒಳಗಿಂದ ಓಡಿಬಂದ ನಿನ್ನ ಸೊಸೆ, “ಮಾವ ಬಂದ್ರಾ?” ಎಂದು ನಕ್ಕಳು.

ಈ ಬೈಗುಳಕ್ಕೇ ಮುನಿದು ನಾನು ಬೇರೆ ಅಂಗಡಿ ಇಟ್ಟೆ. ಕತ್ತರಿ ನೀನು ತೀರಿಹೋದ ಮೇಲೆ ನನ್ನ ಕೈಗೆ ಬಂತು.

ನಾಳೆ ಆ ಹುಡುಗಿ ನನ್ನಿಂದ ‘ಅಪ್ಪಾ’ ಅನ್ನಿಸುತ್ತಾಳಂತೆ. ಬೇಕೆಂದಾಗ ತುಟಿ ಇನ್ನೂ ಕೂಡುತ್ತಿಲ್ಲ. ತಡವಾಯಿತೆಂದು ಬೈಯುವುದಾದರೆ ಬೈ.