ಅರ್ಧ ಶೀಟಿನ ಮಾತ್ರೆಯೂ ನನ್ನ ತಂಗಿಯ ರುಜುವೂ

ಗರ್ಭನಿರೋಧಕ ಮಾತ್ರೆಯ ಶೀಟನ್ನು ನಡುವಿಗೆ ಕತ್ತರಿಸಿ ಹಂಚಲು ಅಪ್ಪಣೆ ಕೊಟ್ಟ ಆರೋಗ್ಯ ಕಚೇರಿಯ ಮುಖ್ಯಾಧಿಕಾರಿಗಳೇ, ಮಾನ್ಯರೇ,

ನನ್ನ ತಂಗಿ ಏಳು ತಿಂಗಳ ಬಸುರಿ. ಆಗಬಾರದಿತ್ತು. ಆಗಬಾರದೆಂದೇ ನಿಮ್ಮ ಕೌಂಟರಿನ ಮುಂದೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಸಾಲಿನಲ್ಲಿ ನಿಂತಳು. ನೀವು ಕೊಟ್ಟದ್ದನ್ನು ನೀವು ಹೇಳಿದ ಹಾಗೆ ದಿನಕ್ಕೊಂದರಂತೆ ನುಂಗಿದಳು. ಅವಳಿಗೆ ಆಗಲೇ ಎರಡು ಮಕ್ಕಳು, ಎರಡೂ ಸಿಸೇರಿಯನ್. ಎರಡನೆಯ ಸಲ ಹೊಲಿಗೆ ಹಾಕಿದ ಡಾಕ್ಟರಮ್ಮ, "ಈ ಹೊಟ್ಟೆಗೆ ಎರಡು ವರ್ಷ ರಜೆ ಕೊಡಮ್ಮ, ಇಲ್ದಿದ್ರೆ ನಾನು ಜವಾಬ್ದಾರಳಲ್ಲ" ಎಂದಿದ್ದರು. ಈಗ ಮಗುವಿಗೆ ರಕ್ತ ಉಣಿಸುವ ಮಾಸು ಹಳೆಯ ಹೊಲಿಗೆಯ ಗಾಯದ ಮೇಲೆಯೇ ಬೇರೂರಿ ಕೂತಿದೆ. ರಕ್ತದ ಬಾಟಲಿಗಳನ್ನು ಸಿದ್ಧವಿಟ್ಟುಕೊಂಡು ಹೆರಿಗೆ ಮಾಡಿಸುವ ದೊಡ್ಡಾಸ್ಪತ್ರೆಗೆ ಈಗಲೇ ಸೇರಿಸದಿದ್ದರೆ ಮಗುವೂ ಇಲ್ಲ, ತಾಯಿಯೂ ಇಲ್ಲ. ಆ ಆಸ್ಪತ್ರೆಯ ಬಾಗಿಲು ತೆರೆಯುವುದಕ್ಕೆ ನಿಮ್ಮ ಶಿಫಾರಸು ಚೀಟಿ ಬೇಕು. ಚೀಟಿಯ ಮೇಲೆ ನಿಮ್ಮ ರುಜು ಬೇಕು. ಒಂದು ರುಜು! ಹನ್ನೊಂದು ದಿನಗಳಿಂದ ಅದು ನಿಮ್ಮ ಪೆನ್ನಿನಿಂದ ಹೊರಗೆ ಬರಲು ನಾಚುತ್ತಿದೆ.

ಇದನ್ನು ನಾನು ಪತ್ರಿಕೆಗೇ ಕೊಡುತ್ತಿದ್ದೇನೆ. ನಿಮ್ಮ ಟಪಾಲು ವಿಭಾಗಕ್ಕೆ ಕೊಟ್ಟರೆ ಎಲ್ಲರಿಗೂ ಸಮಾನವಾಗಿ ಸಿಗಲಿ ಎಂದು ಪತ್ರವನ್ನೂ ಅರ್ಧಕ್ಕೆ ಕತ್ತರಿಸಿಬಿಟ್ಟೀರಿ ಎಂಬ ಭಯ.

ಆ ಶೀಟಿನ ಕಥೆಯನ್ನು ಓದುಗರೂ ಕೇಳಲಿ. ಒಂದು ಶೀಟಿನಲ್ಲಿ ಇಪ್ಪತ್ತೆಂಟು ಮಾತ್ರೆ, ಏಳೇಳರ ನಾಲ್ಕು ಸಾಲು. ಮೇಲಿನ ಮೂರು ಸಾಲು ಬಿಳಿ. ಅವುಗಳಲ್ಲಿ ಹಾರ್ಮೋನು ಇದೆ, ಅಂಡ ಹೊರಬರದಂತೆ ಕಾವಲು ಕಾಯುವುದು ಅದೇ. ಕೊನೆಯ ಸಾಲು ಕಂದು. ಅದು ಬರೀ ಕಬ್ಬಿಣದ ಸತ್ವ, ದಿನವೂ ನುಂಗುವ ರೂಢಿ ತಪ್ಪದಿರಲೆಂದು ಇಟ್ಟದ್ದು. ಆ ಏಳು ದಿನ ಕಾವಲುಗಾರನಿಗೆ ರಜೆ. ಹಾರ್ಮೋನು ಇಳಿಯುತ್ತದೆ, ಮುಟ್ಟಿನಂತೆ ರಕ್ತ ಹೋಗುತ್ತದೆ. ಮೂರು ವಾರ ಸರಿಯಾಗಿ ಕಾದಿದ್ದರೆ, ಎಂಟನೆಯ ದಿನ ಮತ್ತೆ ಬಿಳಿ ಮಾತ್ರೆ ಹೊಟ್ಟೆಗೆ ಬಿದ್ದರೆ, ಆ ರಜೆಯಿಂದ ಅಪಾಯವಿಲ್ಲ. ರಜೆ ಉದ್ದವಾಯಿತೋ, ಒಳಗೆ ಮಲಗಿದ್ದ ಅಂಡ ಎದ್ದು ಕೂರುತ್ತದೆ. ಇದನ್ನೆಲ್ಲ ನಾನು ಕಲಿತದ್ದು ಹೇಗೆ? ಶೀಟಿನ ಜೊತೆ ಬರುವ ಕಾಗದವನ್ನು ಔಷಧಿ ಅಂಗಡಿಯಲ್ಲಿ ಕೇಳಿ ಪಡೆದು ಓದಿ. ಆ ಕಾಗದವನ್ನು ನಿಮ್ಮ ಕೌಂಟರಿನಲ್ಲಿ ಮೊದಲೇ ತೆಗೆದು ಬುಟ್ಟಿಗೆ ಹಾಕುತ್ತಿದ್ದರು, ಅರ್ಧ ಶೀಟಿಗೆ ಇಡೀ ಕಾಗದ ಯಾಕೆ ಎಂದು!

ದಾಸ್ತಾನು ಕಡಿಮೆಯಾಯಿತು. ಒಪ್ಪಿದೆ, ಯಾವ ಕಚೇರಿಯಲ್ಲಿ ಆಗುವುದಿಲ್ಲ? ಆಗ ತಾವು ಸುತ್ತೋಲೆ ಹೊರಡಿಸಿದಿರಿ: "ಲಭ್ಯವಿರುವ ಮಾತ್ರೆಗಳನ್ನು ಎಲ್ಲ ಫಲಾನುಭವಿಗಳಿಗೆ ಸಮಾನವಾಗಿ ಹಂಚತಕ್ಕದ್ದು." ಆಹಾ, ಸಮಾನತೆ! ಜ್ವರದ ಮಾತ್ರೆಯನ್ನು ಹೇಗೆ ಕತ್ತರಿಸಿ ಕೊಡುತ್ತಾರೋ ಹಾಗೆಯೇ ಇದನ್ನೂ ನಡುವಿಗೆ ಕತ್ತರಿಸಿದರು. ಮೇಲರ್ಧದಲ್ಲಿ ಹದಿನಾಲ್ಕು ಬಿಳಿ. ಕೆಳಗಿನರ್ಧದಲ್ಲಿ ಏಳು ಬಿಳಿ, ಏಳು ಕಂದು. ನಾನು ಶಾಲಾ ಸಮವಸ್ತ್ರ ಹೊಲಿಯುವವಳು, ದಿನವಿಡೀ ಕತ್ತರಿ ಹಿಡಿಯುವುದೇ ನನ್ನ ಕಸುಬು. ಎರಡೂ ಎಡಗೈ ತೋಳು ಕತ್ತರಿಸಿ ಒಂದೇ ಅಂಗಿಗೆ ಕೊಟ್ಟರೆ ನನ್ನ ಗಿರಾಕಿ ಆ ಅಂಗಿಯನ್ನು ನನ್ನ ಮುಖದ ಮೇಲೆ ಎಸೆಯುತ್ತಾನೆ. ನಿಮ್ಮ ಮುಖದ ಮೇಲೆ ಯಾರು ಏನನ್ನು ಎಸೆಯಬೇಕು?

ನನ್ನ ಬಳಿ ಗುಂಡಿ ಹಚ್ಚುವ ಹೆಂಗಸು ಒಬ್ಬಳಿದ್ದಾಳೆ. ಅವಳೂ ನನ್ನ ತಂಗಿಯೂ ಒಟ್ಟಿಗೇ ಮಾತ್ರೆಗೆ ಹೋಗುತ್ತಿದ್ದರು. ಗುಂಡಿಯವಳು ಓಡಿಹೋಗಿ ಸಾಲಿನಲ್ಲಿ ಜಾಗ ಹಿಡಿಯುವಳು, ತಂಗಿ ಮಗುವನ್ನೆತ್ತಿಕೊಂಡು ಅವಳ ಹಿಂದೆ ನಿಲ್ಲುವಳು. ಮುಂದಿನವಳಿಗೆ ಮೇಲರ್ಧ, ಹಿಂದಿನವಳಿಗೆ ಕೆಳಗಿನರ್ಧ. ಮೊದಲ ಅರ್ಧ ಮುಗಿಸಿ ತಂಗಿ ಮತ್ತೆ ಹೋದಾಗ ಕೌಂಟರಿನಾಕೆ, "ಸ್ಟಾಕ್ ಬಂದಿಲ್ಲ ಕಣಮ್ಮ, ನಾಲ್ಕು ದಿನ ಬಿಟ್ಟು ಬಾ" ಎಂದಳು.

"ನಾಲ್ಕು ದಿನ ಮಾತ್ರೆ ಇಲ್ದೆ ಏನೂ ಆಗಲ್ವಾ ಅಕ್ಕಾ?"

"ಇಷ್ಟು ದಿನ ತಗೊಂಡಿದೀಯಲ್ಲ, ನಾಲ್ಕು ದಿನಕ್ಕೆ ಏನಾಗುತ್ತೆ? ಎಲ್ರೂ ನಿನ್ನ ಥರಾನೇ ಕೇಳ್ತಾ ನಿಂತ್ರೆ ನಾನು ಮಾತ್ರೆ ಕೊಡ್ಲಾ, ಪಾಠ ಹೇಳ್ಲಾ?"

ಏಳು ಕಂದು, ನಾಲ್ಕು ಖಾಲಿ. ಹನ್ನೊಂದು ದಿನ ಕೋಟೆಗೆ ಕಾವಲಿಲ್ಲ! ಆಮೇಲೆ ಪ್ರತಿ ಸಲ ಸಿಕ್ಕಿದ್ದೂ ಮತ್ತದೇ ಕೆಳಗಿನರ್ಧ. ತಿಂಗಳಲ್ಲಿ ಎರಡು ಸಲ ರಕ್ತ ಕಂಡು ಗಾಬರಿಯಾಗಿ ತಂಗಿ ಕೌಂಟರಿಗೆ ಓಡಿದಳು. "ಮಾತ್ರೆಗೆ ಮೈ ಒಗ್ಗೋವರೆಗೂ ಹಾಗೆ ಕಣೇ, ಸುಮ್ನಿರು" ಎಂಬ ಉತ್ತರ ಬಂತು. ಮುಂದೆ ಮುಟ್ಟೇ ನಿಂತಿತು. ಮತ್ತೆ ಓಡಿದಳು. "ಮಾತ್ರೆಗೆ ಕೆಲವರಿಗೆ ನಿಲ್ಲೋದೂ ಉಂಟು." ಮಾನ್ಯರೇ, ಎರಡೂ ನಿಜ! ಡಾಕ್ಟರಮ್ಮನನ್ನು ಕೇಳಿ ಖಚಿತ ಮಾಡಿಕೊಂಡಿದ್ದೇನೆ. ಮೊದಲ ತಿಂಗಳುಗಳಲ್ಲಿ ಅಲ್ಲಲ್ಲಿ ಕಲೆ ಕಾಣುವುದುಂಟು, ಕೆಲವರಿಗೆ ರಕ್ತ ಕಡಿಮೆಯಾಗಿ ನಿಲ್ಲುವುದೂ ಉಂಟು. ಬಂದರೂ ಮಾತ್ರೆ, ನಿಂತರೂ ಮಾತ್ರೆ. ಹಾಗಾದರೆ ಹೆಂಗಸು ಕೇಡನ್ನು ಗುರುತಿಸುವುದು ಯಾವುದರಿಂದ? "ಶೀಟು ತೋರಿಸು ನೋಡೋಣ, ಒಂದು ಸಲ ಪರೀಕ್ಷೆ ಮಾಡಿಸು" ಎಂಬ ಎರಡು ಮಾತು ಯಾಕೆ ಯಾರ ಬಾಯಿಂದಲೂ ಬರಲಿಲ್ಲ?

ಒಂದು ಮಧ್ಯಾಹ್ನ ಕಾಲರಿಗೆ ಇಸ್ತ್ರಿ ಹಾಕುತ್ತಾ ನಿಂತಿದ್ದ ತಂಗಿ ಹೊಟ್ಟೆ ಹಿಡಿದುಕೊಂಡಳು. "ಅಕ್ಕಾ, ಒಳಗೆ ಏನೋ ಒದ್ದ ಹಾಗಾಯ್ತು."

"ಮಾತ್ರೆ ಇರಬೇಕು ಕಣೇ, ಮೈಗೆ ಒಗ್ತಾ ಇದೆ" ಎಂದೆ ನಾನು. ಇಬ್ಬರೂ ನಕ್ಕೆವು. ನಗು ಅರ್ಧಕ್ಕೇ ನಿಂತಿತು. ಮಷಿನ್ನಿನ ಮೇಲಿಂದ ನನ್ನ ಕಾಲು ತಾನಾಗಿ ಇಳಿಯಿತು. ಸ್ಕ್ಯಾನಿನಲ್ಲಿ ಐದು ತಿಂಗಳು ತುಂಬಿತ್ತು. ಹಿಂದಿನ ಬಾಣಂತನದ ಹೊಟ್ಟೆಯೇ ಇನ್ನೂ ಇಳಿದಿರಲಿಲ್ಲ, ಗೊತ್ತಾಗಲಿಲ್ಲ. ಮಾಸು ಕೂತ ಜಾಗ ನೋಡಿ ಡಾಕ್ಟರಮ್ಮ ತಲೆ ಚಚ್ಚಿಕೊಂಡರು: ಈಗ ತೆಗೆಸಲು ಹೋದರೂ ಪ್ರಾಣಕ್ಕೆ ಅಪಾಯ, ಕಾದು ದೊಡ್ಡಾಸ್ಪತ್ರೆಯಲ್ಲಿ ಹೆರುವುದೊಂದೇ ದಾರಿ.

ಬಸ್ಸು ಓಡಿಸುವ ಅವಳ ಗಂಡ ಕೆಟ್ಟವನಲ್ಲ. ಆದರೂ ಕೇಳಿಯೇಬಿಟ್ಟ, "ನಿಜ ಹೇಳು, ಒಂದು ದಿನ ಕೂಡ ಬಿಟ್ಟಿಲ್ವಾ?" ಅವಳು ಕ್ಯಾಲೆಂಡರನ್ನು ಗೋಡೆಯಿಂದ ಕಿತ್ತು ಅವನ ಮುಂದೆ ಹಾಕಿದಳು. ಮಾತ್ರೆ ನುಂಗಿದ ಪ್ರತಿ ದಿನಕ್ಕೂ ಗೀಟು, ನೀವು ಕೊಡದ ನಾಲ್ಕು ದಿನ ಮಾತ್ರ ಖಾಲಿ.

ಆ ವಾರವೇ ಗುಂಡಿಯವಳು ಕಣ್ಣೀರಿಡುತ್ತಾ ಬಂದಳು. "ನನಗೂ ತಿಂಗಳದ್ದು ನೆಟ್ಟಗೆ ಆಗಿಲ್ಲ ಅಕ್ಕೋ, ನಾನೂ ಮುಳುಗಿದೆ!" ಅವಳು ಬಸುರಾಗಿರಲಿಲ್ಲ. ಅವಳಿಗೂ ಆ ನಾಲ್ಕು ದಿನ ಖಾಲಿಯೇ, ಆದರೆ ಹಿಂದೆಮುಂದೆ ಬರೀ ಬಿಳಿ. ಬಿಳಿಯ ಮೇಲೆ ಬಿಳಿ ನುಂಗಿದವಳಿಗೆ ಹಾರ್ಮೋನು ಇಳಿದರೆ ತಾನೇ ರಕ್ತ ನೆಟ್ಟಗೆ ಹೋಗುವುದು? ಹಳೆಯ ಖಾಲಿ ಶೀಟು ತೋರಿಸಿದರೆ ಮಾತ್ರ ಹೊಸದು ಎಂಬ ನಿಮ್ಮ ಕೌಂಟರಿನ ನಿಯಮದಿಂದ ಇಬ್ಬರೂ ಎಲ್ಲವನ್ನೂ ಜೋಪಾನ ಮಾಡಿದ್ದರು. ಇಸ್ತ್ರಿ ಮೇಜಿನ ಮೇಲೆ ಹರವಿದೆ. ಕತ್ತರಿಯ ಅಂಚನ್ನು ನನ್ನ ಕಣ್ಣು ಬಿಡುತ್ತದೆಯೇ? ಇವಳ ತುಂಡಿನ ಅಂಚಿಗೆ ಅವಳ ತುಂಡಿನ ಅಂಚು ತಂದಿಟ್ಟೆ. ಕೂಡಿತು! ಒಂದೇ ಕತ್ತರಿ ಏಟು, ಒಂದೇ ಸೊಟ್ಟ. ಎರಡನೆಯದೂ ಕೂಡಿತು, ಉಳಿದವೂ ಕೂಡಿದವು. ಸಾಲಿನಲ್ಲಿ ಯಾರು ಮುಂದೆ ನಿಂತರು ಎಂಬುದರ ಮೇಲೆ ಯಾರು ಬಸುರಾಗಬೇಕೆಂದು ನಿರ್ಧರಿಸುವ ಕಚೇರಿ ಭೂಮಿಯ ಮೇಲೆ ಇನ್ನೆಲ್ಲಾದರೂ ಇದೆಯೇ, ಮಹಾಸ್ವಾಮಿ?

ಹನ್ನೊಂದು ದಿನದ ಹಿಂದೆ ದೊಡ್ಡಾಸ್ಪತ್ರೆಯ ಚೀಟಿ ಕೇಳಲು ತಂಗಿಯೊಡನೆ ಬಂದಾಗ ಆ ತುಂಡುಗಳನ್ನು ತಮ್ಮ ಮೇಜಿನ ಮೇಲೆ ನಾನೇ ಜೋಡಿಸಿಟ್ಟೆ. ತಾವು ಕನ್ನಡಕ ಸರಿಮಾಡಿಕೊಂಡು ಅಪ್ಪಣೆ ಕೊಡಿಸಿದಿರಿ: "ನೋಡಮ್ಮಾ, ಹೆಂಗಸರು ಮರೀತಾರೆ. ಮರೆತು ಆಮೇಲೆ ಕಚೇರಿ ಮೇಲೆ ಹಾಕ್ತಾರೆ." ನಿಮ್ಮ ಗುಮಾಸ್ತರು ಟೈಪು ಮಾಡಿದ ಹಾಳೆಯೊಂದನ್ನು ಮುಂದೆ ತಳ್ಳಿದರು: "ಮಾತ್ರೆಗಳನ್ನು ನಾನೇ ಮರೆತು ಕ್ರಮ ತಪ್ಪಿಸಿರುತ್ತೇನೆ." ಇದಕ್ಕೆ ತಂಗಿ ರುಜು ಹಾಕಿದರೆ ಶಿಫಾರಸು ಚೀಟಿಗೆ ತಮ್ಮ ರುಜು. ಇಲ್ಲದಿದ್ದರೆ ವಿಚಾರಣೆ ಮುಗಿಯುವವರೆಗೂ ಕಾಯಬೇಕು. ವಿಚಾರಣೆ ಕಾಯುತ್ತದೆ ಸ್ವಾಮಿ, ಮಾಸು ಕಾಯುತ್ತದೆಯೇ? "ಹಾಕಬೇಡ" ಎಂದು ತಂಗಿಯ ಕೈ ಹಿಡಿದು ಎಳೆದುಕೊಂಡು ಬಂದೆ. ಆ ದಿನ ನಾನು ಮಾಡಿದ್ದು ಸರಿಯೋ ತಪ್ಪೋ, ಈಗ ಎದೆ ಮುಟ್ಟಿಕೊಂಡು ಹೇಳಲಾರೆ.

ಓದುತ್ತಿರುವ ಅಕ್ಕತಂಗಿಯರೇ, ಹೆದರಿ ಮಾತ್ರೆ ಬಿಸಾಡಬೇಡಿ. ಇಡೀ ಶೀಟನ್ನು ಬಾಣದ ಗುರುತು ಹಿಡಿದು ನುಂಗಿದರೆ ಅದು ತನ್ನ ಕೆಲಸ ತಾನು ಮಾಡುತ್ತದೆ. ಅರ್ಧ ಕೊಟ್ಟರೆ ಮಾತ್ರ ಕೈಚಾಚಬೇಡಿ. ನಡುವೆ ದಿನ ತಪ್ಪಿದ್ದರೆ ಡಾಕ್ಟರನ್ನು ಕೇಳಿ. ನನ್ನ ಜಗಳ ಕತ್ತರಿಯ ಜೊತೆ.

ಇವತ್ತು ಬೆಳಿಗ್ಗೆ ನಾನು ಬಟ್ಟೆ ಕೊಡಲು ಹೋದ ಹೊತ್ತಿನಲ್ಲಿ ತಂಗಿ ಒಬ್ಬಳೇ ನಿಮ್ಮ ಕಚೇರಿಗೆ ಹೋಗಿ ಆ ಹಾಳೆಗೆ ರುಜು ಹಾಕಿ ಬಂದಿದ್ದಾಳೆ. ನಾನು ಕೂಗಾಡಿದೆ. ಅವಳು ಗೋಡೆಗೊರಗಿ ಕೂತು ಮೆಲ್ಲಗೆ ಹೇಳಿದಳು, "ಬೈಬೇಡ ಅಕ್ಕಾ. ನಿನ್ನೆಯಿಂದ ರಕ್ತ ಕಾಣ್ತಾ ಇದೆ, ನಿಂಗೆ ಹೇಳಿರ್ಲಿಲ್ಲ. ಮಕ್ಕಳಿಗೆ ನಾನು ಬೇಕು. ಸುಳ್ಳಿನಿಂದ ಉಳಿದ್ರೂ ಉಳಿದ ಹಾಗೇ ಅಲ್ವಾ?"

ಇಬ್ಬರೂ ಆಟೋ ಹಿಡಿದು ಬಂದೆವು. ಡಾಕ್ಟರಮ್ಮ ಅವಳನ್ನು ನಿಮ್ಮ ಕಚೇರಿಯ ಪಕ್ಕದ ವಾರ್ಡಿನಲ್ಲೇ ಮಲಗಿಸಿದ್ದಾರೆ, ದೊಡ್ಡಾಸ್ಪತ್ರೆಗೆ ಫೋನಿನ ಮೇಲೆ ಫೋನು ಮಾಡುತ್ತಿದ್ದಾರೆ. ಅಲ್ಲಿಂದ ಬರುವ ಮಾತು ಒಂದೇ: ಚೀಟಿ ತನ್ನಿ. ಗುಮಾಸ್ತರು ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರು. ನಿಮಗೆ ಬೇಕಾದದ್ದು ಸಿಕ್ಕಿತಲ್ಲ ಮಾನ್ಯರೇ? ಹೆಂಗಸು ಮರೆತಳು, ಕಚೇರಿ ಗೆದ್ದಿತು, ಚಪ್ಪಾಳೆ! ಇನ್ನು ಎದ್ದು ಬನ್ನಿ. ಸುತ್ತೋಲೆಯನ್ನು ನಾಳೆ ಹಿಂತೆಗೆದುಕೊಳ್ಳಿ, ಅರ್ಧ ಶೀಟು ಒಯ್ದ ಪ್ರತಿ ಹೆಂಗಸನ್ನೂ ನಾಡಿದ್ದು ಕರೆಸಿ ಪರೀಕ್ಷೆ ಮಾಡಿಸಿ. ಆ ಸುಳ್ಳು ಹಾಳೆಯನ್ನು ಬೇಕಾದರೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ, ನಾನು ಎದುರು ಆಡುವುದಿಲ್ಲ. ಚೀಟಿಗೆ ಮಾತ್ರ ಈಗ, ಈ ಗಳಿಗೆಯಲ್ಲಿ ರುಜು ಹಾಕಿ. ಕೈಮುಗಿಯುತ್ತೇನೆ. ಕಾಲು ಹಿಡಿಯಬೇಕೇ? ಹಿಡಿಯುತ್ತೇನೆ, ಬಾಗಿಲು ತೆಗೆಯಿರಿ.

ಇಂತಿ, ನಿಮ್ಮ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತು ಇದನ್ನು ಬರೆದ,
ಏನನ್ನೂ ಮರೆಯದೆ "ಮರೆತೆ" ಎಂದು ಬರೆದುಕೊಟ್ಟವಳ ಅಕ್ಕ