ಏಳನೇ ಪೆಟ್ಟಿಗೆಯ ಕಾರ್ಡು

ಬುಧವಾರ, ಮಧ್ಯಾಹ್ನ

ಏಳನೇ ಪೆಟ್ಟಿಗೆಯ ನನ್ನ ಜೊತೆಗಾತಿಗೆ,

ನಿನ್ನೆ ನೀನು ಎರಡು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಬೆಳಗಿನಿಂದ ಟೀ ಮಾಡಿ ಕುಡಿಯದೆ ಆರಿಸುತ್ತಿದ್ದೇನೆ, ನಾಲ್ಕೇ ಸಾಲಿನ ಒಂದು ಪದ್ಯವನ್ನು ಓದಿದ್ದೇ ಓದುತ್ತಿದ್ದೇನೆ, ಕಿಟಕಿಗೆ ಹೋಗಿ ಬರುತ್ತಿದ್ದೇನೆ. ನೀನು ನೋಡಿದ್ದರೆ, ಏನಕ್ಕಾ ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೀರಾ ಅಂತ ರೇಗಿಸುತ್ತಿದ್ದೆ.

ಕ್ಲಬ್ಬಿನ ಜೇನುತೋಟದಲ್ಲಿ ಹೋದ ಶನಿವಾರದ ಹಿಂದಿನ ಶನಿವಾರದ ತರಗತಿ ನೆನಪಿಸಿಕೋ. ಮೇಷ್ಟ್ರು ಬಸ್ ಓಡಿಸುತ್ತಿದ್ದ ಕಾಲದ ಗಂಟಲಲ್ಲೇ ಕೂಗಿ ಹೇಳಿದ್ದರು: ಮೊದಲು ಜೇನುಪೆಟ್ಟಿಗೆಯ ಅಂಚಿನ ಚೌಕಟ್ಟು ತೆಗೆದು ಜಾಗ ಮಾಡಿಕೊಳ್ಳಿ, ಆಮೇಲೆ ನಡುವಿನದಕ್ಕೆ ಕೈ ಹಾಕಿ; ತುಂಬಿದ ಬಸ್ಸಿನಲ್ಲಿ ಬಾಗಿಲ ಹತ್ತಿರದವರು ಇಳಿಯದೆ ನಡುವಿನವರು ಇಳಿಯೋದು ಹೇಗೆ ಅಂತ. ನೀನು ಹೊಗೆಡಬ್ಬಿಗೆ ಒಣ ಎಲೆ ತುಂಬಲು ಹೋಗಿದ್ದೆ. ನನಗೆ ತಾಳ್ಮೆ ಸಾಲಲಿಲ್ಲ. ನಡುವಿನ ಚೌಕಟ್ಟನ್ನೇ ಎಳೆದೆ. ಪಕ್ಕದ ಚೌಕಟ್ಟಿನ ಮೇಣದ ಎರಿಗೆ ಉಜ್ಜಿಕೊಂಡೇ ಮೇಲೆ ಬಂತು. ಬೆನ್ನಿನ ಮೇಲೆ ಗುರುತಿನ ನೀಲಿ ಚುಕ್ಕಿಯಿದ್ದ ರಾಣಿ ಎರಡರ ನಡುವೆ ಅರೆದುಹೋಗಿತ್ತು. ಕೈಗವಸಿನ ಮುಷ್ಟಿಯಲ್ಲಿ ಮುಚ್ಚಿ ಜೇಬಿಗಿಳಿಸಿದೆ. ನೀನು ಬಂದು, ಎಂ.ಎ. ಓದಿದವರು ನೀವೇ ಬರೀರಿ, ನನ್ನ ಅಕ್ಷರ ರವಿಕೆ ಅಳತೆಗಷ್ಟೇ ಸರಿ ಅಂತ, ಕಂಡದ್ದನ್ನು ಬರೆದಿಡುವ ಪೆಟ್ಟಿಗೆಯ ಕಾರ್ಡನ್ನು ನನ್ನ ಕೈಗಿತ್ತೆ. ‘ರಾಣಿ ಕಂಡಿತು’ ಎಂದು ಬರೆದೆ.

ಅಷ್ಟಕ್ಕೇ ನಿಂತಿದ್ದರೆ ಹುಳಗಳೇ ಸರಿಮಾಡಿಕೊಳ್ಳುತ್ತಿದ್ದವು. ರಾಣಿ ಸತ್ತರೆ ಎಳೆಯ ಮರಿಗಳಲ್ಲಿ ಕೆಲವನ್ನು ಆರಿಸಿ ಹೊಸ ರಾಣಿ ಬೆಳೆಸುತ್ತವೆ. ಬೆಳೆಸುತ್ತಲೇ ಇದ್ದವು. ಮೊನ್ನೆ ಶನಿವಾರ ಎರಿಯಿಂದ ಕಡಲೆಕಾಯಿಯಂತೆ ಜೋತಾಡುತ್ತಿದ್ದ ಆ ಐದು ಗೂಡುಗಳು ಆ ಮರಿಗಳವೇ. ಮೇಷ್ಟ್ರ ಕನ್ನಡಕ ಮನೆಯಲ್ಲೇ ಉಳಿದಿತ್ತು. ರಾಣಿ ಇರುವುದಕ್ಕೆ ಗುರುತಾದ ಹೊಸ ಮೊಟ್ಟೆ ಇದೆಯೇ ಎಂದು ನೋಡಲಾಗದೆ ನಿನ್ನಿಂದ ಕಾರ್ಡು ಓದಿಸಿದರು. ರಾಣಿ ಇದ್ದೂ ಇವನ್ನು ಕಟ್ಟಿವೆ ಅಂದರೆ ಹಳೇ ರಾಣಿ ಜೊತೆ ಅರ್ಧ ಸಂಸಾರ ಹಾರಿಹೋಗುತ್ತೆ, ಕತ್ತರಿಸಿ ಅಂದರು. ಕತ್ತರಿಸೋದಾದರೆ ನನ್ನದೇ ಇಲಾಖೆ ಅಂತ ನಗುತ್ತ ನೀನು ಐದನ್ನೂ ಚಾಕುವಿನಿಂದ ತೆಗೆದೆ. ನಾನು ಪಕ್ಕದಲ್ಲಿ ಹೊಗೆ ಹಾಕುತ್ತ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಈಗ ಅಲ್ಲಿ ರಾಣಿಯೂ ಇಲ್ಲ, ರಾಣಿಯಾಗಬಲ್ಲಷ್ಟು ಎಳೆಯ ಮರಿಯೂ ಇಲ್ಲ. ನಿನ್ನೆ ಒಬ್ಬಳೇ ಹೋಗಿ ಪೆಟ್ಟಿಗೆಗೆ ಕಿವಿಯಿಟ್ಟೆ. ಎಂದಿನ ಸಮಾಧಾನದ ಗುಂಯ್‌ಗುಡುವಿಕೆ ಇರಲಿಲ್ಲ. ಮಗು ತಪ್ಪಿಸಿಕೊಂಡ ಮನೆಯ ಗಲಾಟೆ ಅದು. ಕೂತಲ್ಲಿ ಕೂರಲಾಗುತ್ತಿಲ್ಲ. ತರಗತಿ ಮುಗಿದ ಮೇಲೆ ಆ ಪೆಟ್ಟಿಗೆ ನಿನಗೆ ಸಿಗಬೇಕು. ಚೀಟಿ ಎತ್ತಿದಾಗ ಬಂದ ಅದೃಷ್ಟ. ಹೊಲಿಗೆ ಅಂಗಡಿಯ ಮಾಳಿಗೆಯಲ್ಲಿ ಆಗಲೇ ಜಾಗ ಮಾಡಿ, ಸ್ಟ್ಯಾಂಡಿಗೆ ಹಸಿರು ಬಣ್ಣ ಬಳಿದಿಟ್ಟಿದ್ದೀಯ. ಅದು ಖಾಲಿಯಾದರೆ, ಕೊಯ್ದ ಕೈ ನನ್ನದೇ ಅಂತ ನೀನು ಕೊರಗುತ್ತೀಯ.

ಈಗಷ್ಟೇ ಮೇಷ್ಟ್ರಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಇನ್ನು ಮುಂದೆ ನೀವು ಕಾರ್ಡೂ ಮುಟ್ಟಬೇಡಿ, ಪೆಟ್ಟಿಗೇನೂ ಮುಟ್ಟಬೇಡಿ ಅಂದರು. ನಾಳೆ ಬೆಳಗ್ಗೆ ಒಂಬತ್ತಕ್ಕೆ ಎರಡನೇ ಪೆಟ್ಟಿಗೆಯಿಂದ ಹೊಸ ಮೊಟ್ಟೆಗಳಿರುವ ಚೌಕಟ್ಟೊಂದನ್ನು ತೆಗೆದು ನಿನ್ನದರಲ್ಲಿ ಇಡುತ್ತಾರೆ. ಹುಳಗಳು ಮನಸ್ಸು ಮಾಡಿದರೆ ಹೊಸ ರಾಣಿ ಆದೀತು. ನೀನು ಬರಲೇಬೇಕಂತೆ; ಅದಕ್ಕೇ ಈ ಪತ್ರವನ್ನು ಸಂಜೆಯೊಳಗೆ ನಿನ್ನ ಅಂಗಡಿಗೆ ತಲುಪಿಸುತ್ತೇನೆ. ನಾನು ಬೇಲಿಯಾಚೆ ನಿಂತಿರುತ್ತೇನೆ. ಬೈಯುವುದಿದ್ದರೆ ಅಲ್ಲೇ ಬೈದುಬಿಡು, ಮಾತು ಮಾತ್ರ ಬಿಡಬೇಡ.

ಇಂತಿ,
ನೀನು ಅಕ್ಕ ಎಂದು ಕರೆಯುತ್ತಿದ್ದವಳು

ತಾ.ಕ.: ಇದು ನಾನು ಬರೆದ ಮೂರನೆಯ ಪತ್ರ. ಮೊದಲೆರಡನ್ನು ಮೇಷ್ಟ್ರಿಗೆ ಬರೆದು ಹರಿದುಹಾಕಿದೆ. ಅವುಗಳಲ್ಲಿ ಚೌಕಟ್ಟು ಎಳೆದವಳು ನೀನಾಗಿದ್ದೆ.